ಮೈಸೂರು ಡಾಕ್ಟ್ರು ಬರ್ತಾರೆ, ಆಸ್ಪತ್ರೆ ಯಾಕೆ ಬರಲ್ಲ?

ಓದುಗರ ಪ್ರಶ್ನೆ: ಕೊಡಗಿನ ಗೋಣಿಕೊಪ್ಪಕ್ಕೆ ಮೈಸೂರಿನ ದೊಡ್ಡ ದೊಡ್ಡ ಆಸ್ಪತ್ರೆಗಳಿಂದ ಹಾರ್ಟ್ ಡಾಕ್ಟ್ರು, ಮಂಡಿ ಡಾಕ್ಟ್ರು ಬಂದು ನೋಡ್ಕೊಂಡು ಹೋಗ್ತಾರೆ. ಇಷ್ಟು ಪೇಷಂಟ್ಸ್ ಸಿಗ್ತಾರೆ ಅಂದ್ಮೇಲೆ ಇಲ್ಲೇ ಒಂದು ಆಸ್ಪತ್ರೆ ಕಟ್ಟೋಕೇನು ಇವ್ರಿಗೆ?

ಕೊಡಗಲ್ಲಿ ಯಾರನ್ನ ಕೇಳಿದ್ರೂ ಇದೇ ಪ್ರಶ್ನೆ. 2019ರ ಜೂನ್‌ನಲ್ಲಿ ಜಿಲ್ಲೆಗೊಂದು ಎಮರ್ಜೆನ್ಸಿ ಆಸ್ಪತ್ರೆ ಕೊಡಿ ಅಂತ ಟ್ವಿಟರ್‌ನಲ್ಲಿ ಎಷ್ಟು ಜನ ಬರೆದ್ರು ಅನ್ನೋದು ನಿಮ್ಗೂ ನೆನಪಿರ್ಬೇಕು. ನೇರವಾಗಿ ಹೇಳ್ಬೇಕಂದ್ರೆ, ಕಟ್ಟದೇನೇ ಪೇಷಂಟ್ ಸಿಗೋ ದಾರಿ ಅವ್ರಿಗೆ ಗೊತ್ತಾಗಿದೆ.

ಲೆಕ್ಕ ನೋಡಿ. 2011ರ ಜನಗಣತಿ ಪ್ರಕಾರ ಇಡೀ ಕೊಡಗಿನ ಜನಸಂಖ್ಯೆ ಸುಮಾರು 5.54 ಲಕ್ಷ, ಅದೂ ತೋಟ, ಕಾಡು, ಬೆಟ್ಟ ಅಂತ ಚದುರಿ ಹೋಗಿರೋದು. ಆಂಜಿಯೋಗ್ರಾಂ ಮಾಡೋ ಕ್ಯಾತ್ ಲ್ಯಾಬ್ ಹಾಕೋಕೆ ಕೋಟಿಗಟ್ಟಲೆ ದುಡ್ಡು ಬೇಕು, ಹಾಕಿದ್ಮೇಲೆ ಕಾರ್ಡಿಯಾಲಜಿಸ್ಟ್, ಟೆಕ್ನಿಷಿಯನ್, ನರ್ಸ್ ಎಲ್ಲರಿಗೂ ಕೇಸ್ ಬಂದ್ರೂ ಬರ್ದಿದ್ರೂ ತಿಂಗಳ ಸಂಬಳ ಕೊಡ್ಲೇಬೇಕು. ಅದೇ ತಿಂಗಳಿಗೊಮ್ಮೆ ಬರೋ ಓಪಿಡಿಗೆ, ಅಂದ್ರೆ ಅಡ್ಮಿಟ್ ಮಾಡ್ಕೊಳ್ದೆ ನೋಡಿ ಕಳಿಸೋದಕ್ಕೆ, ಮೆಡಿಕಲ್ ಶಾಪ್ ಮೇಲಿನ ಎರಡು ರೂಮು ಸಾಕು. ಬೆಳಿಗ್ಗೆ ಟೋಕನ್, ಒಂದು ಇಸಿಜಿ, ಕಾರಲ್ಲಿ ತಂದ ಪುಟ್ಟ ಮಿಷಿನ್‌ನಲ್ಲಿ ಎಕೋ (ಹಾರ್ಟ್ ಸ್ಕ್ಯಾನ್), ಆಮೇಲೆ ಚೀಟಿ ಹಿಂದೆ ಕೋಆರ್ಡಿನೇಟರ್ ನಂಬರ್ ಬರೆದು 'ಸೋಮವಾರ ಮೈಸೂರಿಗೆ ಬನ್ನಿ, ಬರೋ ಮುಂಚೆ ಫೋನ್ ಮಾಡಿ' ಅಂತ ಕಳಿಸ್ತಾರೆ. ಇದನ್ನೇ ಹಬ್ ಅಂಡ್ ಸ್ಪೋಕ್ ಅನ್ನೋದು, ದೊಡ್ಡ ಖರ್ಚೆಲ್ಲಾ ಒಂದೇ ಕಡೆ, ಸುತ್ತ ಸಣ್ಣ ಸಣ್ಣ ಕ್ಲಿನಿಕ್.

ಇದು ಕೆಟ್ಟದ್ದು ಅಂತ ನಾನು ಹೇಳಲ್ಲ. ಮಧುರೈನ ಅರವಿಂದ ಕಣ್ಣಾಸ್ಪತ್ರೆ 1976ರಲ್ಲಿ 11 ಹಾಸಿಗೆಯಿಂದ ಶುರುವಾಗಿದ್ದು, ಈಗ ಹಳ್ಳಿಗಳ ವಿಷನ್ ಸೆಂಟರ್‌ನಲ್ಲಿ ತರಬೇತಿ ಪಡೆದ ಹುಡುಗೀರು ಕಣ್ಣು ಚೆಕ್ ಮಾಡ್ತಾರೆ, ಡಾಕ್ಟ್ರು ದೂರದಿಂದ ವಿಡಿಯೋದಲ್ಲಿ ಮಾತಾಡ್ತಾರೆ, ಆಪರೇಷನ್ ಬೇಕಾದವ್ರು ಮಾತ್ರ ಆಸ್ಪತ್ರೆಗೆ ಹೋಗ್ತಾರೆ. ದುಡ್ಡು ಕೊಡೋರ ಫೀಸಲ್ಲೇ ಬಡವ್ರಿಗೂ ಆಪರೇಷನ್ ಆಗತ್ತೆ. ನನಗಂತೂ ಇದಕ್ಕಿಂತ ಒಳ್ಳೇ ಮಾದರಿ ಕಂಡಿಲ್ಲ.

ಇನ್ನೊಂದು ಬದಲಾವಣೆ ಬಿಲ್‌ನಲ್ಲಿ. ಮೊದ್ಲು ಎಷ್ಟು ದಿನ ಮಲಗಿಸಿಕೊಂಡ್ರೆ ಅಷ್ಟು ಲಾಭ ಅನ್ನೋ ಲೆಕ್ಕ ಇತ್ತು. 1983ರಲ್ಲಿ ಅಮೆರಿಕದ ಮೆಡಿಕೇರ್, ಅಂದ್ರೆ ಮುಖ್ಯವಾಗಿ ವಯಸ್ಸಾದವ್ರಿಗಿರೋ ಸರ್ಕಾರಿ ಇನ್ಶೂರೆನ್ಸ್, ಒಂದೊಂದು ಕಾಯಿಲೆಗೆ ಇಷ್ಟೇ ಅಂತ ಫಿಕ್ಸ್ ಮಾಡ್ತು, ಆಗ ಆಸ್ಪತ್ರೆಗಳು ಬೇಗ ಡಿಸ್ಚಾರ್ಜ್ ಮಾಡೋಕೆ ಶುರು ಮಾಡಿದ್ವು. ನಮ್ಮಲ್ಲಿ ಆಯುಷ್ಮಾನ್ ಪ್ಯಾಕೇಜ್ ಕೂಡ ಹಾಗೇ. ಈಗಂತೂ ಆಸ್ಪತ್ರೆಗಳೇ ಇನ್ಶೂರೆನ್ಸ್ ಮಾರ್ತಿವೆ, ನಾರಾಯಣ ಹೆಲ್ತ್‌ನೋರು 2024ರಲ್ಲಿ 'ಅದಿತಿ' ಅಂತ ಸ್ವಂತ ಪಾಲಿಸಿ ತಂದ್ರು. ಅಮೆರಿಕದಲ್ಲಿ ಕೈಸರ್ ಪರ್ಮನೆಂಟೆ ಅನ್ನೋ ಸಂಸ್ಥೆ ಇದನ್ನ ದಶಕಗಳಿಂದ ಮಾಡ್ಕೊಂಡು ಬಂದಿದೆ. ಪ್ರೀಮಿಯಂ ಮೊದ್ಲೇ ಬಂದಿರತ್ತೆ, ಹಾಗಾಗಿ ಜನ ಹುಷಾರಾಗಿದ್ರೇನೇ ಆಸ್ಪತ್ರೆಗೆ ಲಾಭ.

ಆದ್ರೆ ಎಲ್ಲಾ ಕಡೆ ಹೀಗೇ ಚೆನ್ನಾಗಿ ಆಗಲ್ಲ. ಅಮೆರಿಕದ ಸ್ಟೀವರ್ಡ್ ಹೆಲ್ತ್ ಕೇರ್ ಅನ್ನೋ ಆಸ್ಪತ್ರೆ ಕಂಪನಿ ತನ್ನ ಆಸ್ಪತ್ರೆಗಳ ಜಾಗ, ಕಟ್ಟಡ ಎಲ್ಲಾ ಮಾರಿ, ಅದೇ ಕಟ್ಟಡಕ್ಕೆ ಬಾಡಿಗೆ ಕಟ್ಕೊಂಡು ಕೂತಿತ್ತು, 2024ರ ಮೇನಲ್ಲಿ ದಿವಾಳಿ ಅರ್ಜಿ ಹಾಕ್ತು. ಆಗಸ್ಟ್ ಕೊನೆಗೆ ಮ್ಯಾಸಚೂಸೆಟ್ಸ್‌ನ ಏಯರ್ ಅನ್ನೋ ಸಣ್ಣ ಊರಿನ ಆಸ್ಪತ್ರೆ ಮುಚ್ಚೇ ಹೋಯ್ತು, ಸುತ್ತಲಿನ ಜನಕ್ಕೆ ಹತ್ತಿರದ ಎಮರ್ಜೆನ್ಸಿ ರೂಮೇ ಇಲ್ದಂಗಾಯ್ತು. ನಮ್ಮ ಸಮಸ್ಯೆನೂ ಈ ಎಮರ್ಜೆನ್ಸಿನೇ. ಮಂಡಿ ಆಪರೇಷನ್‌ಗೆ ಮೈಸೂರಿಗೆ ಹೋಗೋದು ದೊಡ್ಡ ಕಷ್ಟ ಅಲ್ಲ, ಕಾಫಿ ಕುಯ್ಲು ಮುಗಿಸಿ ಹೋಗ್ಬಹುದು. ಸ್ಟ್ರೋಕ್ ಆದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಇರೋದೇ ನಾಲ್ಕೂವರೆ ಗಂಟೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಕಡೆ ಹೋಗೋಣ ಅಂದ್ರೆ 2018ರ ಆಗಸ್ಟ್‌ನಲ್ಲಿ ಆ ರಸ್ತೆನೇ ಕುಸಿದಿದ್ದನ್ನ ನಾವೇ ನೋಡಿದ್ವಿ.

ಯಾವಾಗ ಬರತ್ತೋ ಗೊತ್ತಿಲ್ಲದ ಕೇಸಿಗಾಗಿ ರಾತ್ರಿಯಿಡೀ ಕಾದು ಕೂರೋದು ಯಾವ ಪ್ರೈವೇಟ್ ಲೆಕ್ಕಕ್ಕೂ ಕೂರಲ್ಲ, ಅದನ್ನ ಸರ್ಕಾರದಿಂದಲೇ ಕೇಳ್ಬೇಕು, ಅದೂ ಜೋರಾಗಿ ಕೇಳ್ಬೇಕು. ಹಾರ್ಟ್ ಅಟ್ಯಾಕ್‌ಗೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಹಬ್ ಆಸ್ಪತ್ರೆ ಡಾಕ್ಟ್ರಿಗೆ ಕಳಿಸಿ, ಬೇಕಾದ್ರೆ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಫ್ರೀಯಾಗಿ ಹಾಕ್ತಾರೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಇದು ನಡೀತಿದ್ಯಾ, ಸ್ಟಾಕ್ ಇದ್ಯಾ ಅಂತ ಈ ವಾರವೇ ಹೋಗಿ ವಿಚಾರಿಸಿ. ಲೈನ್ ಮನೆಯಲ್ಲಿರೋ ತೋಟದ ಕೆಲಸದವ್ರಿಗೂ ಹೇಳಿ.

ಇನ್ನು ಆ ಓಪಿಡಿ ಡಾಕ್ಟ್ರು ಮೈಸೂರಿಗೆ ಬನ್ನಿ ಅಂದ್ರೆ, ಹೊರಡೋ ಮುಂಚೆ ಪ್ಯಾಕೇಜ್‌ನಲ್ಲಿ ಸ್ಟೆಂಟ್, ಐಸಿಯು, ಔಷಧಿ ಸೇರಿದ್ಯಾ ಅಂತ ಬರವಣಿಗೆಯಲ್ಲಿ ಕೇಳಿ ಇಸ್ಕೊಳ್ಳಿ, ವಾಪಸ್ ಬಂದ್ಮೇಲೆ ಫಾಲೋ ಅಪ್ ಇಲ್ಲೇನಾ ಅಲ್ಲೇನಾ ಅಂತಾನೂ ಕೇಳಿ. ಆಯುಷ್ಮಾನ್ ಕಾರ್ಡ್ ಬಳಸೋರು ಎಮರ್ಜೆನ್ಸಿ ಬಿಟ್ಟು ಬೇರೆ ಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ತರ್ಬೇಕು, ಹಾಗಾಗಿ ಸೀದಾ ಮೈಸೂರು ಬಸ್ ಹತ್ಬೇಡಿ, ಮೊದ್ಲು ಆ ಚೀಟಿ ಮಾಡ್ಸಿ.