ಅಜ್ಜಿಯರ ಕತ್ತರಿ, ಕ್ರಾಂತಿಯ ಕಥೆ

2021ರಲ್ಲಿ ಚೀನಾದ ಕಮ್ಯುನಿಸ್ಟ್ ಪಕ್ಷಕ್ಕೆ 100 ವರ್ಷ ತುಂಬಿತು. ಆ ವರ್ಷ ಅಲ್ಲಿನ ಶಾಲೆ, ಗ್ರಂಥಾಲಯ, ಸಾಂಸ್ಕೃತಿಕ ಕೇಂದ್ರಗಳಲ್ಲಿ ಒಂದು ಬಗೆಯ ಪ್ರದರ್ಶನ ಮತ್ತೆ ಮತ್ತೆ ಕಾಣಿಸಿತು. ಮೀಟರ್‌ಗಟ್ಟಲೆ ಉದ್ದದ ಕೆಂಪು ಕಾಗದದ ಸುರುಳಿ, ಅದರಲ್ಲಿ ಕತ್ತರಿಸಿ ಮಾಡಿದ ಚಿತ್ರಗಳು. ಮೊದಲು ಒಂದು ದೋಣಿ. 1921ರಲ್ಲಿ ಶಾಂಘೈನಲ್ಲಿ ಶುರುವಾದ ಪಕ್ಷದ ಮೊದಲ ಸಮ್ಮೇಳನ ಪೊಲೀಸರ ಕಣ್ಣಿಗೆ ಬಿದ್ದು, ಕೊನೆಗೆ ಜಿಯಾಶಿಂಗ್‌ನ ಕೆರೆಯಲ್ಲಿ ದೋಣಿಯೊಳಗೆ ಮುಗಿದದ್ದು ಆ ಕಥೆ. ಆಮೇಲೆ ಲಾಂಗ್ ಮಾರ್ಚ್, ಅಂದರೆ ಪಕ್ಷದ ಕೆಂಪು ಸೇನೆ ಶತ್ರುಗಳಿಂದ ತಪ್ಪಿಸಿಕೊಂಡು ನಡೆದ ದೂರದ ಹಾದಿ. ಅದರಲ್ಲಿ ಲುಡಿಂಗ್‌ನ ಸರಪಳಿ ಸೇತುವೆ, 1935ರ ಮೇ ತಿಂಗಳು. ಹಿಮದ ಬೆಟ್ಟ, ಜೌಗು ಹುಲ್ಲುಗಾವಲು, ಯಾನಾನ್‌ನ ಪಗೋಡ. ಕಡೆಗೆ 1949ರ ಅಕ್ಟೋಬರ್ 1ರಂದು ಹೊಸ ಗಣರಾಜ್ಯದ ಘೋಷಣೆಯಾದ ತಿಯನ್‌ಅನ್ಮೆನ್.

ನೋಡಿದವರಿಗೆ ಇದು ಸಾವಿರಾರು ವರ್ಷದ ಜಾನಪದ ಸಂಪ್ರದಾಯ ಅನ್ನಿಸುತ್ತದೆ. ಕಲೆ ಹಳೆಯದು, ಅದು ನಿಜ. ಆದರೆ ಅದರಲ್ಲಿ ಕ್ರಾಂತಿಯ ಕಥೆ ಹೇಳುವ ರೂಢಿಗೆ ಸುಮಾರು 80 ವರ್ಷ ಅಷ್ಟೇ. ಅದನ್ನು ಬೆಳೆಸಿದವರೂ ಹೆಚ್ಚಾಗಿ ಹಳ್ಳಿಯ ಹೆಂಗಸರಲ್ಲ, ಪೇಟೆಯಿಂದ ಬಂದ ಓದಿದ ಗಂಡಸರು.

ಹಳೆಯ ಕಲೆ ಹೇಗಿತ್ತು ಅಂತ ಮೊದಲು ನೋಡೋಣ. ಈವರೆಗೆ ಸಿಕ್ಕಿರುವ ಅತಿ ಹಳೆಯ ಚೀನೀ ಕಾಗದದ ಚಿತ್ತಾರಗಳು ಶಿನ್‌ಜಿಯಾಂಗ್‌ನ ತುರ್ಫಾನ್ ಹತ್ತಿರದ ಗೋರಿಗಳಲ್ಲಿ ದೊರೆತವು. ಸುಮಾರು 6ನೇ ಶತಮಾನದವು. ಕಾಗದ ಮಡಿಸಿ ಕತ್ತರಿಸಿದ ದುಂಡನೆಯ ಹೂಗಳು, ಸುತ್ತಲೂ ಕುದುರೆ, ಕೋತಿ. ಇದಕ್ಕೆ ಚೀನೀ ಹೆಸರು ಜಿಯಾನ್‌ಝಿ.

ಇದರ ನಿಜವಾದ ಮನೆ ಅಂದರೆ ಕಿಟಕಿ. ವಾಯವ್ಯ ಚೀನಾದ ಉತ್ತರ ಶಾನ್‌ಶಿಯ ಹಳದಿ ಮಣ್ಣಿನ ಗುಡ್ಡಗಳಲ್ಲಿ ಜನ ಗುಹೆ ಕೊರೆದು ಮನೆ ಮಾಡಿಕೊಂಡಿದ್ದರು. ಮುಂಭಾಗಕ್ಕೆ ಮರದ ಜಾಲರಿ ಕಿಟಕಿ. ಗಾಜಿಲ್ಲ, ಬಿಳಿ ಕಾಗದವೇ ಗಾಜು. ಹೊಸ ವರ್ಷಕ್ಕೆ ಹೊಗೆ ಹಿಡಿದ ಹಳೆ ಕಾಗದ ಕಿತ್ತು ಹೊಸದು ಅಂಟಿಸುತ್ತಿದ್ದರು. ಅದರ ಮೇಲೆ ಕೆಂಪು ಕಾಗದದ ಕಿಟಕಿ ಹೂ. ಹಗಲು ಒಳಗಿನಿಂದ ಚೆನ್ನ, ರಾತ್ರಿ ದೀಪ ಹಚ್ಚಿದರೆ ಹೊರಗಿನಿಂದ ಚೆನ್ನ. ಮಾಡುವವರು ಮನೆಯ ಹೆಂಗಸರು. ಅಮ್ಮನಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ. ನಮ್ಮ ಮನೆ ಮುಂದಿನ ರಂಗೋಲಿ ಇದೆಯಲ್ಲ, ಹೆಚ್ಚುಕಡಿಮೆ ಹಾಗೇ. ಯಾರೂ ಸಹಿ ಹಾಕುತ್ತಿರಲಿಲ್ಲ, ವರ್ಷ ಕಳೆದರೆ ಹರಿದು ಬಿಸಾಕುತ್ತಿದ್ದರು.

ಚೆಂದದ ನಮೂನೆ ಸಿಕ್ಕರೆ ನಕಲು ಇಳಿಸಲು ಒಂದು ಜಾಣ ಉಪಾಯವಿತ್ತು. ಬಿಳಿ ಕಾಗದವನ್ನು ಒದ್ದೆ ಮಾಡಿ ಹಲಗೆಗೆ ಅಂಟಿಸುವುದು. ಅದರ ಮೇಲೆ ನಮೂನೆ ಇಟ್ಟು ಎಣ್ಣೆ ದೀಪದ ಹೊಗೆಗೆ ಹಿಡಿಯುವುದು. ಸುತ್ತ ಮಸಿ ಕೂರುತ್ತದೆ. ನಮೂನೆ ಎತ್ತಿದರೆ ಕೆಳಗೆ ಬಿಳಿ ಆಕಾರ ಉಳಿದಿರುತ್ತದೆ.

ಚಿತ್ರಗಳಲ್ಲಿ ಮಾತಿನ ಆಟ ಜಾಸ್ತಿ. ಚೀನೀ ಭಾಷೆಯಲ್ಲಿ ಮೀನಿಗೂ ಸಮೃದ್ಧಿಗೂ ಒಂದೇ ಉಚ್ಚಾರ, ಯು. ಬಾವಲಿಗೂ ಭಾಗ್ಯಕ್ಕೂ ಒಂದೇ, ಫು. ಹಾಗಾಗಿ ಕಿಟಕಿ ತುಂಬ ಮೀನು, ಬಾವಲಿ. ಎರಡು ಜುಟ್ಟು ಕಟ್ಟಿ ಕೈಯಲ್ಲಿ ಕೋಳಿ ಹಿಡಿದ ಮಗುವಿನ ಬೊಂಬೆಯೂ ಇತ್ತು, ಅದು ಕೆಟ್ಟದ್ದನ್ನು ಓಡಿಸುತ್ತದೆ ಅಂತ ನಂಬಿಕೆ. ಯುದ್ಧ, ನಾಯಕ, ದಿನಾಂಕ ಇವೆಲ್ಲ ಆ ಕಿಟಕಿಯ ವಿಷಯವೇ ಆಗಿರಲಿಲ್ಲ.

1935ರ ಅಕ್ಟೋಬರ್‌ನಲ್ಲಿ ಲಾಂಗ್ ಮಾರ್ಚ್ ಮುಗಿಸಿ ಸೋತು ಸೊರಗಿದ ಕೆಂಪು ಸೇನೆ ಬಂದು ಸೇರಿದ್ದು ಇದೇ ಗುಡ್ಡಗಾಡಿಗೆ. 1937ರಿಂದ ಯಾನಾನ್ ಅವರ ರಾಜಧಾನಿ. (ನಮ್ಮ ಸೊಲ್ಲಾಪುರದ ಡಾ. ಕೋಟ್ನಿಸ್ 1939ರಲ್ಲಿ ಬಂದು ಇಳಿದದ್ದೂ ಇಲ್ಲಿಗೇ.) ದೇಶದ ನಾನಾ ಕಡೆಯಿಂದ ಬರಹಗಾರರು, ಕಲಾವಿದರು ಗುಂಪು ಗುಂಪಾಗಿ ಬಂದರು. 1938ರಲ್ಲಿ ಹೆಸರಾಂತ ಬರಹಗಾರ ಲು ಶುನ್ ಹೆಸರಿನ ಕಲಾ ಅಕಾಡೆಮಿ ಶುರುವಾಯಿತು.

ಆ ಕಲಾವಿದರ ಕೈಯಲ್ಲಿದ್ದದ್ದು ಕತ್ತರಿಯಲ್ಲ, ಉಳಿ. ಲು ಶುನ್ 1930ರ ದಶಕದ ಆರಂಭದಲ್ಲಿ ಶಾಂಘೈನಲ್ಲಿ ಹುರಿದುಂಬಿಸಿದ ಮರಕೆತ್ತನೆ ಮುದ್ರಣದ ಚಳವಳಿಯಿಂದ ಬಂದವರು ಅವರು. ಗುರುಗಳು ಯುರೋಪಿನವರು, ಮುಖ್ಯವಾಗಿ ಜರ್ಮನಿಯ ಕೇಥೆ ಕೊಲ್‌ವಿಟ್ಸ್. ಗಾಢ ನೆರಳು, ಕಪ್ಪು ಬಿಳುಪಿನ ಜಗಳ. ರೈತರಿಗೆ ಅದು ಹಿಡಿಸಲಿಲ್ಲ. ಮುಖದ ಅರ್ಧ ಕಪ್ಪು, ಅರ್ಧ ಬಿಳಿ ಯಾಕೆ ಅಂತ ಕೇಳಿದರು. ಅದಕ್ಕೆ ಯಿನ್‌ಯಾಂಗ್ ಮುಖ ಅಂತ ಅಡ್ಡಹೆಸರೂ ಬಿತ್ತು.

ಇದರಲ್ಲಿ ನನಗೆ ಬಹಳ ಇಷ್ಟವಾದ ಕಥೆ ಗು ಯುವಾನ್ ಎಂಬ ಯುವಕನದ್ದು. 1940ರಲ್ಲಿ ಅವನನ್ನು ನಿಯೆನ್‌ಜುವಾಂಗ್ ಎಂಬ ಹಳ್ಳಿಗೆ ಕಳಿಸಿದರು. ಅಕ್ಷರ ಕಲಿಸಲು ಚಿತ್ರದ ಚೀಟಿ ಬರೆದುಕೊಟ್ಟ. ಹಳ್ಳಿಯವರು ಅಕ್ಷರ ಕಲಿತರೋ ಬಿಟ್ಟರೋ, ದನ, ಕತ್ತೆ, ಕೋಳಿ, ಕುರಿ ಇದ್ದ ಚೀಟಿಗಳನ್ನು ಗೋಡೆಗೆ ಅಂಟಿಸಿಕೊಂಡರು. ಒಮ್ಮೆ ಕುರಿ ಹಿಂಡಿನ ಚಿತ್ರ ಕೆತ್ತಿ ತೋರಿಸಿದ. ಕುರಿ ಕಾಯುವವನ ಜೊತೆ ನಾಯಿ ಇಲ್ಲದಿದ್ದರೆ ತೋಳ ಸುಮ್ನೆ ಬಿಡುತ್ತದಾ ಅಂತ ಒಬ್ಬ ತಕರಾರು ತೆಗೆದ. ಗುಡ್ಡದಲ್ಲೇ ಕುರಿ ಈದರೆ ಮರಿಯನ್ನು ಹೇಗೆ ತರುತ್ತಾನೆ ಅಂತ ಇನ್ನೊಬ್ಬ. ಗು ಯುವಾನ್ ವಾಪಸ್ ಹೋಗಿ ನಾಯಿ ಸೇರಿಸಿದ, ಕುರುಬನ ತೋಳಿಗೆ ಒಂದು ಮರಿ ಕೊಟ್ಟ. ಇಂಥ ವಿಮರ್ಶಕರು ಸಿಗೋದು ಪುಣ್ಯ, ಅಲ್ವಾ?

1942ರ ಮೇ ತಿಂಗಳಲ್ಲಿ ಮಾವೋ ಯಾನಾನ್‌ನಲ್ಲಿ ಸಾಹಿತ್ಯ ಮತ್ತು ಕಲೆಯ ಬಗ್ಗೆ ಭಾಷಣ ಮಾಡಿದರು. ಕಲೆ ರೈತ, ಕಾರ್ಮಿಕ, ಸೈನಿಕರಿಗಾಗಿ ಇರಬೇಕು, ಅವರಿಗೆ ಗೊತ್ತಿರುವ ರೂಪಗಳಿಂದ ಕಲಿಯಬೇಕು ಅನ್ನುವುದು ಸಾರ. ಅಲ್ಲಿಂದ ಮುಂದೆ ಅದು ಸಲಹೆಯಾಗಿ ಉಳಿಯಲಿಲ್ಲ, ಪಕ್ಷದ ಧೋರಣೆಯಾಯಿತು. ಕಲಾವಿದರು ಹಳ್ಳಿ ಹಳ್ಳಿ ಸುತ್ತಿ ಕಿಟಕಿ ಹೂಗಳನ್ನು ಕೂಡಿಹಾಕಿದರು. ಗು ಯುವಾನ್, ಲಿ ಚುನ್, ಜಿಯಾಂಗ್ ಫೆಂಗ್, ಚೆನ್ ಶುಲಿಯಾಂಗ್ ಎಲ್ಲರೂ ಇದರಲ್ಲಿದ್ದರು. ಹೆಂಗಸೊಬ್ಬಳು ವಿಚ್ಛೇದನ ಕೇಳಲು ಸರ್ಕಾರಿ ಕಚೇರಿಗೆ ಬಂದ ದೃಶ್ಯವನ್ನು ಗು ಯುವಾನ್ ಮೊದಲೊಮ್ಮೆ ನೆರಳು ತುಂಬಿ ಕೆತ್ತಿದ್ದ. 1943ರಲ್ಲಿ ಅದನ್ನೇ ಮತ್ತೆ ಕೆತ್ತಿದ. ಈ ಸಲ ನೆರಳು ಹೋಗಿತ್ತು, ತಿಳಿಯಾದ ಗೆರೆ ಬಂದಿತ್ತು.

ಆಮೇಲೆ ಅವರೇ ಹೊಸ ಕಿಟಕಿ ಹೂಗಳನ್ನು ರಚಿಸಿದರು. ಮೀನಿನ ಜಾಗದಲ್ಲಿ ನೂಲು ತೆಗೆಯುವ ಹೆಂಗಸು, ಅಕ್ಷರ ಕಲಿಯುವ ರೈತ, ಹಂದಿಗೆ ಮೇವು ಹಾಕುವವರು, ಕೋವಿ ಹಿಡಿದ ಯುವಕ. ಕ್ರಾಂತಿ ಕಿಟಕಿಗೆ ಬಂದದ್ದು ಹೀಗೆ.

ಕಾಗದಕ್ಕೂ ಪ್ರಚಾರಕ್ಕೂ ಇಷ್ಟು ಚೆನ್ನಾಗಿ ಯಾಕೆ ಹೊಂದಿತು? ಅಗ್ಗ ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಕತ್ತರಿಯ ವ್ಯಾಕರಣದಲ್ಲೇ ಇದೆ. ಒಂದೇ ಹಾಳೆ ಬಿಚ್ಚಿಹೋಗಬಾರದು. ಸೈನಿಕನ ಕೋವಿ ಭುಜಕ್ಕೆ ತಾಗಬೇಕು, ಭುಜ ಮರಕ್ಕೆ, ಮರ ಅಂಚಿಗೆ. ಎಲ್ಲೂ ತಾಗದ ತುಂಡು ಕೆಳಗೆ ಬಿದ್ದುಹೋಗುತ್ತದೆ. ಬೂದು ಬಣ್ಣ ಇಲ್ಲ. ಇದ್ದರೆ ಇದೆ, ಇಲ್ಲದಿದ್ದರೆ ತೂತು. ಒಬ್ಬ ಮನುಷ್ಯ ಅನುಮಾನದಿಂದ ನಿಂತಿದ್ದಾನೆ ಅಂತ ತೋರಿಸುವುದು ಈ ಮಾಧ್ಯಮದಲ್ಲಿ ಬಹಳ ಕಷ್ಟ. ಎಲ್ಲರೂ ಒಂದಕ್ಕೊಂದು ಹೆಣೆದುಕೊಂಡು, ಒಂದೇ ಬಣ್ಣದಲ್ಲಿ, ಮುಂದೆ ನಡೆಯುವುದನ್ನು ತೋರಿಸುವುದು ಸುಲಭ. ಕೆಂಪು ಬಣ್ಣ ಅಂತೂ ಹಬ್ಬದ್ದಾಗಿ ಮೊದಲೇ ಇತ್ತು. ಬಾವುಟದವರು ಬಂದು ಅದಕ್ಕೆ ಇನ್ನೊಂದು ಅರ್ಥ ಸೇರಿಸಿದರು, ಅಷ್ಟೇ.

1949ರಲ್ಲಿ ಕವಿ ಐ ಚಿಂಗ್ ಮತ್ತು ಜಿಯಾಂಗ್ ಫೆಂಗ್ ಸೇರಿ ವಾಯವ್ಯ ಚೀನಾದ ಕಾಗದ ಚಿತ್ತಾರಗಳ ಸಂಗ್ರಹ ತಂದರು. ಇಂದಿನ ಕಲಾವಿದ ಐ ವೇವೇ ಅವರ ತಂದೆಯೇ ಈ ಐ ಚಿಂಗ್. ಹಳ್ಳಿಯ ಕಲೆಯನ್ನು ದೇಶಕ್ಕೆ ತೋರಿಸಿದ ಈ ಇಬ್ಬರಿಗೂ 1957ರಲ್ಲಿ ಶುರುವಾದ ಬೇಟೆಯಲ್ಲಿ ಬಲಪಂಥೀಯರು ಎಂಬ ಹಣೆಪಟ್ಟಿ ಬಿತ್ತು. ಐ ಚಿಂಗ್ ಕುಟುಂಬ ಸಮೇತ ದೂರದ ಶಿನ್‌ಜಿಯಾಂಗ್‌ಗೆ ಹೋಗಬೇಕಾಯಿತು.

ಅಷ್ಟರಲ್ಲಿ ಕಲೆಯ ಯಜಮಾನಿಕೆ ಹಳ್ಳಿಯಿಂದ ಸರ್ಕಾರಿ ಕಾರ್ಯಾಗಾರಗಳಿಗೆ ದಾಟುತ್ತಿತ್ತು. ಚೀನಾದಲ್ಲಿ ಕತ್ತರಿಯ ಜೊತೆಗೆ ಚಾಕುವಿನ ಪರಂಪರೆಯೂ ಇದೆ. ಹೆಬೇ ಪ್ರಾಂತ್ಯದ ಯುಶಿಯಾನ್‌ನಲ್ಲಿ ಕಾಗದವನ್ನು ಅಟ್ಟಿ ಕಟ್ಟಿ ಚಾಕುವಿನಿಂದ ಕೊರೆದು, ಮೇಲೆ ಬಣ್ಣ ಹನಿಸುತ್ತಾರೆ. ನಾಟಕದ ಪಾತ್ರಗಳಿಗೆ ಹೆಸರಾದ ವಾಂಗ್ ಲಾವ್‌ಶಾಂಗ್ ಅಲ್ಲಿಯವರು. ದಕ್ಷಿಣದ ಫೋಶಾನ್‌ನಲ್ಲಿ ತಾಮ್ರದ ತೆಳು ಹಾಳೆಯನ್ನೂ ಕೊರೆಯುತ್ತಾರೆ, ಅಲ್ಲಿ 1956ರಲ್ಲಿ ಜಾನಪದ ಕಲಾ ಸಂಸ್ಥೆ ಶುರುವಾಯಿತು. ಚಾಕುವಿನ ಲಾಭ ಸರಳ: ಒಮ್ಮೆ ಕೊರೆದರೆ ಒಂದೇ ಚಿತ್ರದ ಎಷ್ಟೋ ಪ್ರತಿ. ಕಾರ್ಯಾಗಾರಕ್ಕೆ ಬೇಕಿದ್ದದ್ದು ಅದೇ.

1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಬಂತು. ಹಳೆಯದೆಲ್ಲ ಅಳಿಯಬೇಕು ಅನ್ನುವ ಕೂಗು ಎದ್ದಿತು. ಡ್ರಾಗನ್, ಬಾಗಿಲ ದೇವರು, ಜುಟ್ಟಿನ ಮಗು ಎಲ್ಲ ಮೂಢನಂಬಿಕೆಯ ಪಟ್ಟಿಗೆ ಸೇರಿದವು. ಆದರೆ ಕಾಗದ ಕತ್ತರಿಸುವುದು ನಿಲ್ಲಲಿಲ್ಲ. ಮಾವೋ ಮುಖ, ಸೂರ್ಯನ ಕಡೆ ತಿರುಗಿದ ಸೂರ್ಯಕಾಂತಿ, ಸರ್ಕಾರ ಮೆಚ್ಚಿದ ಕ್ರಾಂತಿಯ ‘ಮಾದರಿ ನಾಟಕ’ಗಳ ನಾಯಕರು ಪುಟ್ಟ ಲಕೋಟೆಗಳಲ್ಲಿ ಸೆಟ್ ಸೆಟ್ಟಾಗಿ ಹೊರಬಂದವು. ಸೂರ್ಯ ಅಂದರೆ ಮಾವೋ, ಹೂ ಅಂದರೆ ಜನ. ಮೀನು, ಬಾವಲಿಯ ಆಟವೇ ಇದೂ, ಪಾತ್ರ ಮಾತ್ರ ಬೇರೆ. ನಾಯಕನ ಮುಖ ಕೆಡಿಸುವುದು ಅಪರಾಧವಾಗಿದ್ದ ಕಾಲ ಅದು. ಅಂಥ ಹೊತ್ತಲ್ಲಿ ಆ ಮುಖದ ಮೇಲೆ ಚಾಕು ಆಡಿಸುವವನ ಕೈ ಹೇಗಿದ್ದಿರಬೇಡ!

ಮಾವೋ 1976ರಲ್ಲಿ ತೀರಿಕೊಂಡರು. ಗಾಳಿ ತಿರುಗಿತು. ಬೀಜಿಂಗ್‌ನಲ್ಲಿ ಕಲಿತ ಜಿನ್ ಝಿಲಿನ್ ಎಂಬ ಚಿತ್ರಕಾರ 1970ರ ದಶಕದಲ್ಲೇ ಯಾನಾನ್‌ಗೆ ಬಂದು ನೆಲೆಸಿದ್ದರು. ಆ ದಶಕದ ಕೊನೆಗೆ ಜಿಲ್ಲೆ ಸುತ್ತಿ, ಮುದುಕಿಯರಿಂದ ಹಳೆಯ ನಮೂನೆಗಳನ್ನೇ ಮತ್ತೆ ಕತ್ತರಿಸಿಸಿದರು. 1980ರಲ್ಲಿ ಅವು ಬೀಜಿಂಗ್‌ನಲ್ಲಿ ಪ್ರದರ್ಶನ ಕಂಡವು. ನಿನ್ನೆಯವರೆಗೆ ಮೂಢನಂಬಿಕೆ ಆಗಿದ್ದ ಜುಟ್ಟಿನ ಮಗು ಈಗ ನಾಗರಿಕತೆಯ ಬೇರು ಅನ್ನಿಸಿಕೊಂಡಿತು. ಹಳ್ಳಿಯ ಅಜ್ಜಿಯರು ರಾಜಧಾನಿಯ ಕಲಾ ಅಕಾಡೆಮಿಗೆ ಹೋಗಿ ಪಾಠ ಮಾಡಿ ಬಂದರು.

ಅಜ್ಜಿಯರನ್ನು ಅವರ ಪಾಡಿಗೆ ಬಿಟ್ಟರೆ ಏನು ಕತ್ತರಿಸುತ್ತಿದ್ದರು? ಶುನ್‌ಯಿಯ ಕು ಶುಲಾನ್ ಅವರನ್ನು ನೋಡಿ. 1920ರಲ್ಲಿ ಹುಟ್ಟಿದವರು, ಯುದ್ಧ, ಕಮ್ಯೂನ್, ಸಾಂಸ್ಕೃತಿಕ ಕ್ರಾಂತಿ ಎಲ್ಲ ಕಂಡವರು. 1985ರಲ್ಲಿ ಎತ್ತರದಿಂದ ಬಿದ್ದು ಪ್ರಜ್ಞೆ ತಪ್ಪಿದರು. ಎದ್ದಾಗ, ನಾನೇ ಹೂ ಕತ್ತರಿಸುವ ದೇವಿ ಅಂದರು. ಆಮೇಲೆ ಗುಹೆಮನೆಯ ಗೋಡೆಗಳ ತುಂಬ ಬಣ್ಣಬಣ್ಣದ ಕಾಗದ ಅಂಟಿಸಿ ಆ ದೇವಿಯನ್ನೇ ಕೂರಿಸಿದರು, ಸುತ್ತ ಮರ, ಹಕ್ಕಿ, ಹೂ. 1996ರಲ್ಲಿ ಯುನೆಸ್ಕೊ ಅವರನ್ನು ಜಾನಪದ ಕಲೆಯ ಮಹಾನ್ ಕಲಾವಿದೆ ಅಂತ ಗೌರವಿಸಿತು. ಆ ಗೋಡೆಗಳ ನಾಯಕಿ ಅವರೇ, ಯಾವ ಸೇನಾಪತಿಯೂ ಅಲ್ಲ.

2009ರಲ್ಲಿ ಚೀನಾದ ಕಾಗದ ಚಿತ್ತಾರ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿತು. ಅದಕ್ಕೂ ಮೊದಲೇ, 2004ರ ಕೊನೆಗೆ ಸರ್ಕಾರ ಕೆಂಪು ಪ್ರವಾಸೋದ್ಯಮದ ಯೋಜನೆ ತಂದಿತ್ತು. ಕ್ರಾಂತಿಯ ಜಾಗಗಳಿಗೆ ಬಸ್ಸುಗಟ್ಟಲೆ ಜನ ಬರತೊಡಗಿದರು. ಯಾನಾನ್ ಪಗೋಡದ ಕೆಂಪು ಕಾಗದದ ಚಿತ್ರ ನೆನಪಿನ ಕಾಣಿಕೆಯಾಯಿತು. ಷಿ ಜಿನ್‌ಪಿಂಗ್ 1969ರಿಂದ 1975ರವರೆಗೆ ಯುವಕನಾಗಿ ದುಡಿದ ಲಿಯಾಂಗ್‌ಜಿಯಾಹೆ ಹಳ್ಳಿಯೂ ಇದೇ ಸೀಮೆಯಲ್ಲಿದೆ, ಯಾನ್‌ಚುವಾನ್ ಕೌಂಟಿಯಲ್ಲಿ. ಅದೂ ಈಗ ಪ್ರವಾಸಿಗರ ಜಾಗ. ಶತಮಾನೋತ್ಸವದ ಸುರುಳಿಗಳು ಬಂದದ್ದು ಈ ಬೆಳೆಯಿಂದಲೇ.

ಅದೇ 2004ರಲ್ಲಿ ಅದೇ ಯಾನ್‌ಚುವಾನ್‌ನಲ್ಲಿ ಇನ್ನೊಂದು ಕೆಲಸ ನಡೆಯಿತು. ಲು ಜಿಯೆ ಎಂಬವರು ಕಟ್ಟಿದ, ಲಾಂಗ್ ಮಾರ್ಚ್ ಅಂತಲೇ ಹೆಸರಿದ್ದ ಕಲಾ ಯೋಜನೆಯೊಂದು ಇಡೀ ಕೌಂಟಿಯ ಜನಗಣತಿ ಮಾಡಿತು. ಆಸ್ತಿ ಎಷ್ಟು ಅಂತಲ್ಲ, ಕಾಗದ ಕತ್ತರಿಸಲು ಯಾರಿಗೆ ಬರುತ್ತದೆ ಅಂತ. ಸುಮಾರು 1,80,000 ಜನರ ಆ ಕೌಂಟಿಯಲ್ಲಿ 15,000ಕ್ಕೂ ಹೆಚ್ಚು ಫಾರಂ ತುಂಬಿದವು. ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಪ್ರದರ್ಶನವಾದ ಶಾಂಘೈ ಬಿಯೆನಾಲೆಯಲ್ಲಿ ಅವನ್ನು ಪ್ರದರ್ಶನಕ್ಕೆ ಇಟ್ಟರು. ಒಬ್ಬೊಬ್ಬರಿಗೂ ಒಂದೊಂದು ಹಾಳೆ. ಅದರಲ್ಲಿ ಹೆಸರು, ಫೋಟೋ, ಒಂದಿಷ್ಟು ವಿವರ, ಪಕ್ಕದಲ್ಲಿ ಅವರೇ ಕತ್ತರಿಸಿ ಅಂಟಿಸಿದ ಒಂದು ಚಿತ್ರ.