ಹಾಸಿಗೆ ಖಾಲಿಯಿದ್ದರೂ ಆಪರೇಷನ್ ಮುಂದೆ ಹೋಗುವುದೇಕೆ?

ಹರ್ನಿಯಾ ಆಪರೇಷನ್ನಿಗೆಂದು ರಾತ್ರಿಯಿಂದ ಉಪವಾಸವಿದ್ದವರಿಗೆ ಮಧ್ಯಾಹ್ನ ಎರಡು ಗಂಟೆಗೆ ನರ್ಸ್ ಬಂದು, "ಇವತ್ತು ಆಗಲ್ಲ ಯಜಮಾನ್ರೇ, ಊಟ ಮಾಡಿ" ಎನ್ನುವುದು ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಅಪರೂಪವಲ್ಲ. ವಾರ್ಡಿನಲ್ಲಿ ಹಾಸಿಗೆ ಇರುತ್ತದೆ, ಸರ್ಜನ್ ಕೂಡ ಇರುತ್ತಾರೆ. ಇರುವ ಒಬ್ಬರೇ ಅರಿವಳಿಕೆ ತಜ್ಞರು ಮಾತ್ರ ಬೆಳಿಗ್ಗೆಯಿಂದ ತುರ್ತು ಸಿಸೇರಿಯನ್‌ಗಳಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ. ರೋಗಿಯ ಜೊತೆಗೆ ಬಂದ ಮಗನ ಆ ದಿನದ ಕೂಲಿಯೂ ಹೋಯಿತು.

ಆಸ್ಪತ್ರೆ ಎಷ್ಟು ದೊಡ್ಡದು ಎಂಬುದನ್ನು ನಾವು ಹಾಸಿಗೆಯ ಲೆಕ್ಕದಲ್ಲೇ ಹೇಳುತ್ತೇವೆ. ಮೊದಲೇ ದಿನ ಗೊತ್ತುಮಾಡಿ ನಡೆಸುವ ಶಸ್ತ್ರಚಿಕಿತ್ಸೆಗಳಿಗೆ ಆ ಲೆಕ್ಕ ಸಾಲದು. ವಾರಕ್ಕೆ ಅರಿವಳಿಕೆ ತಜ್ಞರ ಸಮೇತ ಎಷ್ಟು ಗಂಟೆ ಓಟಿ (ಆಪರೇಷನ್ ಥಿಯೇಟರ್) ಸಿಗುತ್ತದೆ ಎಂಬುದರಿಂದಲೇ ಯೋಜನೆ ಶುರುವಾಗಬೇಕು.

ಹಾಸಿಗೆಯ ಕೊರತೆ ಎನ್ನುವುದರಲ್ಲೂ ಎಷ್ಟೋ ಭಾಗ ನಾವೇ ಮಾಡಿಕೊಂಡದ್ದು. ದಿನಕ್ಕೆ 8 ಆಪರೇಷನ್, ಒಬ್ಬರು ಸರಾಸರಿ 4 ದಿನ ಉಳಿಯುತ್ತಾರೆ ಅಂದರೆ 32 ಹಾಸಿಗೆ ಬೇಕು. ರಕ್ತಪರೀಕ್ಷೆ, ಇಸಿಜಿ, ಫಿಟ್‌ನೆಸ್ ಎಲ್ಲವನ್ನೂ ಹೊರರೋಗಿ ವಿಭಾಗದಲ್ಲೇ ಮುಗಿಸಿ ಆಪರೇಷನ್ನಿನ ದಿನ ಬೆಳಿಗ್ಗೆ ದಾಖಲು ಮಾಡಿಕೊಂಡರೆ ಒಬ್ಬೊಬ್ಬರಿಗೂ ಒಂದು ದಿನ ಕಡಿಮೆಯಾಗುತ್ತದೆ. ಆಗ 24 ಹಾಸಿಗೆ ಸಾಕು. ಹೊಸ ಕಟ್ಟಡ ಕಟ್ಟದೆ 8 ಹಾಸಿಗೆ ಸಿಕ್ಕಂತಾಯಿತು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲ ಎಂಬುದು ಓಟಿ ಬಾಗಿಲಲ್ಲಿ ಗೊತ್ತಾಗುವುದೂ ತಪ್ಪುತ್ತದೆ. ಕಣ್ಣಿನ ಪೊರೆಯ ರೋಗಿಗಳಂತೂ ಬಹುಪಾಲು ಅದೇ ದಿನ ಮನೆಗೆ ಹೋಗಬಲ್ಲವರು. 1976ರಲ್ಲಿ 11 ಹಾಸಿಗೆಗಳಿಂದ ಶುರುವಾದ ಮಧುರೈನ ಅರವಿಂದ್ ಕಣ್ಣಿನ ಆಸ್ಪತ್ರೆಯಲ್ಲಿ ಸರ್ಜನ್ ಒಂದು ಟೇಬಲ್ಲಿನಲ್ಲಿ ಕೆಲಸ ಮಾಡುವಾಗಲೇ ಪಕ್ಕದ ಟೇಬಲ್ಲಿನಲ್ಲಿ ಮುಂದಿನ ರೋಗಿಯನ್ನು ಸಿದ್ಧಪಡಿಸಿರುತ್ತಾರೆ. ಸರ್ಜನ್ನರ ಸಮಯ ವ್ಯರ್ಥವಾಗಬಾರದು ಎಂಬ ಒಂದೇ ಯೋಚನೆ ಅಲ್ಲಿ ಇಡೀ ಓಟಿಯನ್ನು ನಡೆಸುತ್ತದೆ.

ಓಟಿ ಒಂದು ನಿಮಿಷವೂ ಖಾಲಿ ಇರಬಾರದು ಎನ್ನುವ ಆಡಳಿತಗಾರರ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ರೋಗಿಗಳು ಬರುವುದಕ್ಕೂ ಆಪರೇಷನ್ ಮುಗಿಯುವುದಕ್ಕೂ ನಿಗದಿತ ಹೊತ್ತಿಲ್ಲದ ಕಡೆ, ಸರದಿಯ ಸರಳ ಗಣಿತದ ಪ್ರಕಾರ, ಒಂದು ಟೇಬಲ್ ಶೇ 80ರಷ್ಟು ಬಳಕೆಯಲ್ಲಿದ್ದರೆ ಕಾಯಬೇಕಾದ ಸಮಯ ಒಂದು ಆಪರೇಷನ್ನಿನ ಅವಧಿಯ 4 ಪಟ್ಟು. ಶೇ 90ಕ್ಕೆ 9 ಪಟ್ಟು, ಶೇ 95ಕ್ಕೆ 19 ಪಟ್ಟು. ತುರ್ತು ಕೇಸುಗಳಿಗೆಂದು ಬಿಟ್ಟ ಜಾಗ ದಂಡವಲ್ಲ. ಅದಿದ್ದರೇ ಲಿಸ್ಟಿನಲ್ಲಿರುವವರ ಆಪರೇಷನ್ ಹೇಳಿದ ದಿನ ನಡೆಯುತ್ತದೆ. ಎರಡು ಓಟಿ, ಇಬ್ಬರು ಅರಿವಳಿಕೆ ತಜ್ಞರು ಇರುವಲ್ಲಿ ಒಂದನ್ನು ತುರ್ತಿಗೇ ಮೀಸಲಿಡಬೇಕು. ಒಬ್ಬರೇ ಇದ್ದರೆ ವಾರಕ್ಕೆ ಎರಡು ದಿನವಾದರೂ ಹೊರಗಿನಿಂದ ಇನ್ನೊಬ್ಬರನ್ನು ಕರೆಸಿ, ಹರ್ನಿಯಾ, ಹೈಡ್ರೋಸೀಲ್, ಪಿತ್ತಕೋಶದ ಕೇಸುಗಳನ್ನು ಆ ದಿನಗಳಿಗೇ ಹಾಕಬೇಕು.

ನಮ್ಮಲ್ಲಿ ಋತುಮಾನವನ್ನೂ ನೋಡಬೇಕು. ಮಳೆಗಾಲದಲ್ಲಿ ಡೆಂಗಿ ಜ್ವರದವರು ಮೆಡಿಕಲ್ ವಾರ್ಡ್ ತುಂಬಿ ಸರ್ಜಿಕಲ್ ವಾರ್ಡಿಗೂ ಬರುತ್ತಾರೆ; ಬಿತ್ತನೆಯ ಕೆಲಸ ಬಿಟ್ಟು ರೈತರೂ ಆಪರೇಷನ್ನಿಗೆ ಒಪ್ಪುವುದಿಲ್ಲ. ಸುಗ್ಗಿ ಮುಗಿದ ಮೇಲೆ ಅವರೇ ಬರುತ್ತಾರೆ, ಬೇಸಿಗೆ ರಜೆಗೆ ಮಕ್ಕಳ ಟಾನ್ಸಿಲ್ ಕೇಸುಗಳು. ಜನವರಿಯಿಂದ ಮೇವರೆಗೆ ಓಟಿ ದಿನಗಳನ್ನು ಹೆಚ್ಚಿಸಿ, ಸಿಬ್ಬಂದಿಯ ದೀರ್ಘ ರಜೆ, ಓಟಿ ದುರಸ್ತಿಗಳನ್ನು ಮಳೆಗಾಲಕ್ಕೆ ಇಟ್ಟುಕೊಳ್ಳುವ ಪಟ್ಟಿಯನ್ನು ನವೆಂಬರ್‌ನಲ್ಲೇ ಕೂತು ಮಾಡಬೇಕು.