ಹೊಸ ಬ್ಯಾಟರಿ ಹಾಕಿಸಿದ ಮೇಲೂ ಕೆಂಪು ದೀಪ ಆರುತ್ತಿಲ್ಲ, ಏಕೆ?

ಪ್ರಶ್ನೆ: ಮೀಟರ್ ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಿಕೊಂಡಿತ್ತು. ಮರುದಿನ ಕಾರು ಸ್ಟಾರ್ಟ್ ಆಗಲಿಲ್ಲವೆಂದು ಹೊಸ ಬ್ಯಾಟರಿ ಹಾಕಿಸಿದೆ. ಈಗ ಸ್ಟಾರ್ಟ್ ಚೆನ್ನಾಗಿ ಆಗುತ್ತದೆ, ದೀಪ ಮಾತ್ರ ಹಾಗೆಯೇ ಇದೆ. ಅಂಗಡಿಯವರು ಕೆಟ್ಟ ಬ್ಯಾಟರಿ ಕೊಟ್ಟರೇ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರತಿ ಮಳೆಗಾಲದಲ್ಲಿ ಯಾರಾದರೊಬ್ಬರು ಎರಡನೆಯ ಬ್ಯಾಟರಿಗೂ ದುಡ್ಡು ಕೊಟ್ಟ ಮೇಲೆ ಇದನ್ನೇ ಕೇಳುವುದರಿಂದ, ಈ ಬಾರಿ ಬುಡದಿಂದಲೇ ಹೇಳುತ್ತೇನೆ. ನಿಮ್ಮ ಹೊಸ ಬ್ಯಾಟರಿ ಬಹುಶಃ ಸರಿಯಾಗಿಯೇ ಇದೆ. ಅದಕ್ಕೆ ಚಾರ್ಜ್ ಹೋಗುತ್ತಿಲ್ಲ.

ದೀಪದ ಮೇಲೆ ಬ್ಯಾಟರಿಯ ಚಿತ್ರವಿದೆ, ಆದ್ದರಿಂದ ಅದು ಬ್ಯಾಟರಿಯ ಆರೋಗ್ಯವನ್ನು ಹೇಳುತ್ತದೆ ಎಂಬ ನಂಬಿಕೆಯೇ ಈ ಎಲ್ಲ ಖರ್ಚಿನ ಮೂಲ. ಬ್ಯಾಟರಿಗೆ ವಯಸ್ಸಾಗಿ ಬೆಳಿಗ್ಗೆ ಸೆಲ್ಫ್ ಹೊಡೆದಾಗ ಬರೀ ಟಕ್ ಟಕ್ ಎಂದ ಅನುಭವ ಕಾರಿಟ್ಟವರಲ್ಲಿ ಬಹಳ ಮಂದಿಗಿದೆ. ಹಿಂದಿನ ಸಂಜೆ ಮನೆಗೆ ಬರುವಾಗ ಆ ಕೆಂಪು ದೀಪ ಹತ್ತಿತ್ತೇ ಎಂದು ನೆನಪಿಸಿಕೊಳ್ಳಿ. ಹತ್ತಿರುವುದಿಲ್ಲ. ಬ್ಯಾಟರಿ ಎಷ್ಟೇ ಸೊರಗಿದ್ದರೂ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ವಿದ್ಯುತ್ತು ಉತ್ಪಾದಿಸಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಯಂತ್ರ, ಸರಿಯಾಗಿ ಕೆಲಸ ಮಾಡುತ್ತಿದ್ದರೆ ಸಾಮಾನ್ಯವಾಗಿ ದೀಪ ಆರಿಯೇ ಇರುತ್ತದೆ. ಒಳಗೇ ಶಾರ್ಟ್ ಆದ ಬ್ಯಾಟರಿಯೊಂದು ವೋಲ್ಟೇಜನ್ನು ಕೆಳಗೆಳೆದು ದೀಪ ಹತ್ತಿಸುವುದುಂಟು, ಆದರೆ ಅದು ಅಪರೂಪ.

ದೀಪದ ಜೋಡಣೆಯನ್ನು ನೋಡಿದರೆ ಸಂಶಯವೇ ಉಳಿಯುವುದಿಲ್ಲ. ಹಳೆಯ ವಿನ್ಯಾಸದ ಕಾರುಗಳಲ್ಲಿ ಆ ಬಲ್ಬಿನ ಒಂದು ತುದಿಗೆ ಕೀಯ ಮೂಲಕ ಬ್ಯಾಟರಿಯ ವಿದ್ಯುತ್ತು ಬರುತ್ತದೆ, ಇನ್ನೊಂದು ತುದಿ ಸಣ್ಣ ವೈರಿನಲ್ಲಿ ಆಲ್ಟರ್ನೇಟರಿಗೆ ಹೋಗುತ್ತದೆ. ಕೀ ತಿರುಗಿಸಿ ಎಂಜಿನ್ ಶುರುಮಾಡದೆ ಬಿಟ್ಟಾಗ ಆಲ್ಟರ್ನೇಟರಿನ ಕಡೆ ಒತ್ತಡವಿರುವುದಿಲ್ಲ, ಬಲ್ಬಿನ ಮೂಲಕ ಕರೆಂಟು ಹರಿದು ದೀಪ ಹತ್ತುತ್ತದೆ. ಎಂಜಿನ್ ಓಡಿ ಆಲ್ಟರ್ನೇಟರ್ ತಾನೇ 14 ವೋಲ್ಟಿನ ಸುಮಾರಿಗೆ ಉತ್ಪಾದಿಸತೊಡಗಿದಾಗ ಎರಡೂ ತುದಿ ಒಂದೇ ಮಟ್ಟಕ್ಕೆ ಬರುತ್ತವೆ, ಹರಿಯಲು ಕಾರಣವಿಲ್ಲದೆ ದೀಪ ಆರುತ್ತದೆ. ಈಗಿನ ಕಾರುಗಳಲ್ಲಿ ಈ ಕೆಲಸವನ್ನು ಕಂಪ್ಯೂಟರ್ ಮಾಡಿದರೂ ದೀಪದ ಅರ್ಥ ಬದಲಾಗಿಲ್ಲ. ಬೋರ್‌ವೆಲ್ಲಿನ ಮೋಟಾರು ಸುಟ್ಟು ನಲ್ಲಿಯಲ್ಲಿ ನೀರು ನಿಂತಾಗ ಮಹಡಿಯ ಮೇಲಿನ ಟ್ಯಾಂಕನ್ನು ಯಾರೂ ಬದಲಿಸುವುದಿಲ್ಲ. ಕಾರಿನ ವಿಷಯದಲ್ಲಿ ಮಾತ್ರ ನಾವು ಅದನ್ನೇ ಮಾಡುತ್ತಿದ್ದೇವೆ. ಹೊಸ ಟ್ಯಾಂಕ್ ಅಂಗಡಿಯಿಂದ ತುಂಬಿಕೊಂಡೇ ಬರುವುದರಿಂದ ಒಂದೆರಡು ದಿನ ಎಲ್ಲವೂ ಸರಿಹೋದಂತೆ ಕಾಣುತ್ತದೆ, ಅಷ್ಟೆ.

ಖಚಿತಪಡಿಸಿಕೊಳ್ಳಲು ಒಂದು ಮಲ್ಟಿಮೀಟರ್ ಸಾಕು. ಅದನ್ನು ಡಿ.ಸಿ. 20 ವೋಲ್ಟಿಗಿಟ್ಟು ಬ್ಯಾಟರಿಯ ಎರಡು ಟರ್ಮಿನಲ್‌ಗಳ ಮೇಲೆ ಹಿಡಿಯಿರಿ. ರಾತ್ರಿಯಿಡೀ ನಿಂತ, ಪೂರ್ತಿ ಚಾರ್ಜಾದ ಬ್ಯಾಟರಿ ಸುಮಾರು 12.6 ತೋರಿಸುತ್ತದೆ. ಎಂಜಿನ್ ಓಡುವಾಗ ಅದು 13.8ರಿಂದ 14.5ರ ನಡುವೆ ಬರಬೇಕು. ಎಂಜಿನ್ ಓಡುತ್ತಿದ್ದರೂ 12ರ ಆಸುಪಾಸಿನಲ್ಲೇ ನಿಂತು, ಹೆಡ್‌ಲೈಟ್ ಹಾಕಿದೊಡನೆ ಇನ್ನೂ ಇಳಿದರೆ ಚಾರ್ಜಿಂಗ್ ಇಲ್ಲವೆಂದೇ ಅರ್ಥ. 15 ದಾಟಿದರೆ, ವೋಲ್ಟೇಜನ್ನು ಮಿತಿಯಲ್ಲಿಡುವ, ಹಳೆಯ ಮೆಕ್ಯಾನಿಕ್ಕುಗಳು ಕಟೌಟ್ ಎನ್ನುವ ರೆಗ್ಯುಲೇಟರ್ ಕೆಟ್ಟಿರುವ ಸಾಧ್ಯತೆ ಹೆಚ್ಚು.

ಕಳೆದ ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿದು ಬಂದ ಕಾರೊಂದು ಒಂಬತ್ತು ದಿನಗಳಲ್ಲಿ ಎರಡು ಬ್ಯಾಟರಿ ಕಂಡಿತ್ತು. ನನ್ನ ಬಳಿ ಕಲಿಯುವ ಹುಡುಗ ಯಾರ ಮಾತಿಗೂ ಕಾಯದೆ ಮೊದಲು ಮೀಟರ್ ಹಿಡಿದ. ಅದನ್ನು ನೋಡಿ ನನಗೆ ನಿಜಕ್ಕೂ ಹೆಮ್ಮೆಯಾಯಿತು. ಎಂಜಿನ್ ಓಡುವಾಗ 12.1, ಹೆಡ್‌ಲೈಟ್ ಹಾಕಿದರೆ 11.8. ಆಲ್ಟರ್ನೇಟರಿನ ಹಿಂದಿನ ಪ್ಲಗ್ಗನ್ನು ಮೆಲ್ಲನೆ ಎಳೆದಾಗ ಸಣ್ಣ ವೈರೊಂದು ಕೈಗೇ ಬಂತು: ಹೊರಗೆ ಪ್ಲಾಸ್ಟಿಕ್ ಹೊಸದರಂತಿತ್ತು, ಒಳಗೆ ತಾಮ್ರ ಹಸಿರುಗಟ್ಟಿ ಪುಡಿಯಾಗಿತ್ತು. ಬೆರಳುದ್ದದ ಹೊಸ ವೈರು ಬೆಸೆದ ಮೇಲೆ ಮೀಟರ್ 14.2 ತೋರಿಸಿತು.

ನಿಮ್ಮ ಕಾರಿನಲ್ಲೂ ಮೊದಲು ಟರ್ಮಿನಲ್‌ಗಳನ್ನು ಕೈಯಿಂದ ತಿರುಗಿಸಿ ನೋಡಿ, ಸ್ವಲ್ಪವೂ ಅಲುಗಬಾರದು. ಬ್ಯಾಟರಿ ಎತ್ತುವಾಗ ಪಕ್ಕದ ಪ್ಲಗ್ ಯಾವುದಾದರೂ ಬಿಚ್ಚಿಕೊಂಡಿದೆಯೇ, ಪ್ಲಸ್ ಮೈನಸ್ ಒಂದು ಕ್ಷಣ ಅದಲುಬದಲಾಗಿ ಕಿಡಿ ಹಾರಿತ್ತೇ ಎಂದು ಕೆಲಸ ಮಾಡಿದವರನ್ನು ಕೇಳಿ. ಕಿಡಿ ಹಾರಿದ್ದರೆ ಮುಖ್ಯ ಫ್ಯೂಸ್ ಅಥವಾ ಆಲ್ಟರ್ನೇಟರಿನ ಡಯೋಡುಗಳು ಹೋಗಿರಬಹುದು. ಇವೆಲ್ಲ ಸರಿಯಿದ್ದರೆ ಉಳಿಯುವುದು ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟು, ಅದರೊಳಗಿನ ಸವೆದ ಕಾರ್ಬನ್ ಬ್ರಷ್ಷು, ರೆಗ್ಯುಲೇಟರ್. ಬೆಲ್ಟು ತುಂಡಾಗಿದ್ದರೆ ಮಾತ್ರ ಗಾಡಿ ಓಡಿಸಬೇಡಿ, ಏಕೆಂದರೆ ಅನೇಕ ಕಾರುಗಳಲ್ಲಿ ಎಂಜಿನ್ ತಂಪಾಗಿಸುವ ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು ಆಲ್ಟರ್ನೇಟರನ್ನು ಪರೀಕ್ಷಿಸಲು ಯಾರಿಗೂ ಬಿಡಬೇಡಿ. ಹಳೆಯ ಡೈನಮೋ ಕಾಲದ ಆ ರೂಢಿಯಿಂದ ಏಳುವ ವೋಲ್ಟೇಜಿನ ಹೊಡೆತಕ್ಕೆ ಇಂದಿನ ಕಾರಿನ ಕಂಪ್ಯೂಟರ್ ಸುಡಬಹುದು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು, ಯಾರೂ ಕೇಳದ ಇನ್ನೊಂದು ಪ್ರಶ್ನೆ: ಕೀ ಹಾಕಿದಾಗ ಆ ದೀಪ ಹತ್ತದೇ ಇದ್ದರೆ? ಹಳೆಯ ಕಾರುಗಳಲ್ಲಿ ಆಲ್ಟರ್ನೇಟರಿನೊಳಗಿನ ಸುರುಳಿಗೆ ಮೊದಲ ಕಾಂತಶಕ್ತಿ ದೊರೆಯುವುದೇ ಈ ಬಲ್ಬಿನ ಮೂಲಕ ಹರಿಯುವ ಅಲ್ಪ ಕರೆಂಟಿನಿಂದ. ಬಲ್ಬು ಹೋಗಿದ್ದರೆ ಆಲ್ಟರ್ನೇಟರ್ ಚೆನ್ನಾಗಿದ್ದೂ ಎಂಜಿನನ್ನು ಜೋರಾಗಿ ರೇಸ್ ಮಾಡುವವರೆಗೆ, ಕೆಲವೊಮ್ಮೆ ಆಗಲೂ, ಚಾರ್ಜ್ ಮಾಡುವುದಿಲ್ಲ. ಎಚ್ಚರಿಸಬೇಕಾದ ದೀಪವೇ ಇಲ್ಲದ್ದರಿಂದ ಅದು ಯಾರಿಗೂ ತಿಳಿಯುವುದೂ ಇಲ್ಲ. ಹಾಗಾಗಿ ನಾಳೆ ಬೆಳಿಗ್ಗೆ ಕೀ ತಿರುಗಿಸಿ, ಸೆಲ್ಫ್ ಹೊಡೆಯುವ ಮೊದಲು ಎರಡು ಕ್ಷಣ ನಿಲ್ಲಿ. ಉಳಿದ ದೀಪಗಳ ನಡುವೆ ಆ ಕೆಂಪು ಬ್ಯಾಟರಿಯೂ ಹತ್ತಬೇಕು. ಎಂಜಿನ್ ಶುರುವಾದೊಡನೆ ಆರಬೇಕು.